ಸಸಿಗೆ ಯಾವ ದೀಪ?

ಪ್ರಶ್ನೆ: ಫ್ಲ್ಯಾಟಿನೊಳಗೆ ಪ್ರೋಟ್ರೇಯಲ್ಲಿ (ಸಣ್ಣ ಗುಳಿಗಳಿರುವ ಸಸಿ ತಟ್ಟೆ) ಟೊಮೆಟೊ, ಮೆಣಸಿನಕಾಯಿ ಬೀಜ ಹಾಕಿದ್ದೇನೆ. ಮೊಳಕೆ ಬಂದ ಮೇಲೆ ಸಸಿಗಳು ಸೊರಗಿ ಉದ್ದವಾಗಿ ಒಂದು ಕಡೆ ವಾಲುತ್ತಿವೆ. ಗಿಡ ಬೆಳೆಸಲೆಂದೇ ಮಾರುವ ನೇರಳೆ ಬಣ್ಣದ ಗ್ರೋ ಲೈಟ್ ಕೊಳ್ಳಬೇಕೇ?

ಉತ್ತರ: ಬೇಡ. ಸಸಿ ಹಂತಕ್ಕೆ ಸಾಮಾನ್ಯ ಬಿಳಿ ಎಲ್ಇಡಿ ಟ್ಯೂಬ್ ಸಾಕು. ನೇರಳೆ ಬೆಳಕಿನಲ್ಲಿ ಎಲೆ ಹಳದಿಯಾದದ್ದೂ ಕಣ್ಣಿಗೆ ಬೀಳುವುದಿಲ್ಲ. ಡಬ್ಬದ ಮೇಲೆ 6500ಕೆ (ಹಗಲಿನಂಥ ಬಿಳಿ ಬೆಳಕು) ಎಂದಿರುವ, 4 ಅಡಿಯ, 20 ವ್ಯಾಟ್‌ನ, ಸುಮಾರು 2000 ಲುಮೆನ್ ಕೊಡುವ ಟ್ಯೂಬ್ ತನ್ನಿ. ಟ್ರೇ ಇಡುವ ಹಲಗೆ ಒಂದೂವರೆ ಅಡಿ ಅಗಲವಿದ್ದರೆ ಎರಡು ಬೇಕು. ಒಂದೇ ಹಾಕಿದರೆ ಅಂಚಿನ ಸಸಿಗಳು ಮತ್ತೆ ವಾಲುತ್ತವೆ.

ಎಡವುವುದು ಹೆಚ್ಚಾಗಿ ಎತ್ತರದಲ್ಲೇ. ಚಾವಣಿಯ ಟ್ಯೂಬ್ ಎಷ್ಟು ಪ್ರಕಾಶವಾಗಿದ್ದರೂ ಸಸಿಗೆ ಅದು ಮಬ್ಬುಗತ್ತಲೆ. ದೀಪವನ್ನು ಸಸಿಯ ತುದಿಯಿಂದ 10-15 ಸೆಂ.ಮೀ. ಮೇಲೆ ಸರಪಳಿಯಲ್ಲಿ ತೂಗುಹಾಕಿ, ಸಸಿ ಬೆಳೆದಂತೆ ಒಂದೊಂದೇ ಕೊಂಡಿ ಏರಿಸಿ. ಮೊದಲ ಮೊಳಕೆ ಕಂಡ ದಿನವೇ ಬೆಳಕು ಶುರುವಾಗಬೇಕು. ಟೈಮರ್ ಇಟ್ಟು ದಿನಕ್ಕೆ 14-16 ಗಂಟೆ ಉರಿಸಿ, ರಾತ್ರಿ ಆರಿಸಿ. ಎರಡು ಟ್ಯೂಬ್‌ಗೆ 16 ಗಂಟೆಗೆ 0.64 ಯೂನಿಟ್, ಅಷ್ಟೇ.

ಈಗಾಗಲೇ ಉದ್ದವಾದ ಟೊಮೆಟೊ ಸಸಿಯನ್ನು ಬೀಜದೆಲೆಯವರೆಗೆ (ಮೊಳಕೆಯ ಮೊದಲ ಜೋಡಿ ಎಲೆ) ಹೂತು ನೆಡಿ, ಕಾಂಡದಲ್ಲಿ ಬೇರು ಬಿಡುತ್ತದೆ. ಮೆಣಸಿನಕಾಯಿಯನ್ನು ಅಷ್ಟು ಆಳಕ್ಕೆ ಇಳಿಸಬೇಡಿ. ಕುಂಡಕ್ಕೆ ಹಾಕುವ ಮುನ್ನ ಒಂದು ವಾರ ಬಾಲ್ಕನಿಯ ಬಿಸಿಲಿಗೆ ಒಡ್ಡಿ, ಮೊದಲ ದಿನ ಒಂದೇ ಗಂಟೆ. ನೇರವಾಗಿ ಇಟ್ಟರೆ ಎಲೆ ಬಿಳಿಚಿ ಸುಡುತ್ತದೆ.