ಟ್ರೋಪೋನಿನ್ ಕಂಡುಹಿಡಿದವರ ಹೆಸರು ನಮಗೆ ಯಾಕೆ ಗೊತ್ತಿಲ್ಲ?

ನೀವು ಕೇಳಿದ್ದು ಇಷ್ಟು: ತಂಗಿ ಸ್ನಾಯುಗಳ ಬಗ್ಗೆ ಪಿಎಚ್‌ಡಿ ಮಾಡಲು ಹೊರಟಿದ್ದಾಳೆ. ನೋಡಿಟ್ಟಿರುವ ಇಬ್ಬರು ಗೈಡ್‌ಗಳಲ್ಲಿ ಒಬ್ಬರ ಸೈಟೇಷನ್, ಅಂದರೆ ಬೇರೆ ಪೇಪರ್‌ಗಳು ಅವರ ಕೆಲಸವನ್ನು ಉಲ್ಲೇಖಿಸಿದ ಲೆಕ್ಕ, ಇನ್ನೊಬ್ಬರದಕ್ಕಿಂತ ಐದು ಪಟ್ಟು ಜಾಸ್ತಿ. ಹಾಗಾದರೆ ಅವರೇ ದೊಡ್ಡ ವಿಜ್ಞಾನಿ ಅಲ್ವಾ ಅಂತ.

ನಾನು ವೈದ್ಯಕೀಯ ವಿದ್ಯಾರ್ಥಿಗಳಿಗೆ ಫಿಸಿಯಾಲಜಿ ಪಾಠ ಮಾಡುವವಳು. ಸ್ನಾಯುವಿನ ಪಾಠ ಬಂದಾಗ ನನಗೆ ಗಂಟೆ ಹೊಡೆದದ್ದೇ ತಿಳಿಯುವುದಿಲ್ಲ. ಆ ಸಂಖ್ಯೆಯೊಂದನ್ನೇ ನೋಡಿ ಹಾಗೆ ಹೇಳಲು ಆಗುವುದಿಲ್ಲ ಅನ್ನುವುದು ನನ್ನ ಉತ್ತರ. ಯಾಕೆ ಅಂತ ಹೇಳಲು ನನಗೆ ತುಂಬ ಇಷ್ಟವಾದ ಒಬ್ಬರ ಕೆಲಸ ನೋಡೋಣ. ಅವರು ಜಪಾನಿನ ಸೆತ್ಸುರೋ ಎಬಾಶಿ.

ಹೋದ ವರ್ಷ ಒಂದು ರಾತ್ರಿ ನಮ್ಮಪ್ಪನಿಗೆ ಎದೆನೋವು ಬಂತು. ಆಸ್ಪತ್ರೆಗೆ ಓಡಿದೆವು. ಇಸಿಜಿ ಆದಮೇಲೆ ರಕ್ತ ತೆಗೆದು ಟ್ರೋಪೋನಿನ್ ಪರೀಕ್ಷೆಗೆ ಕಳಿಸಿದರು. ಟ್ರೋಪೋನಿನ್ ಅಂದರೆ ಸ್ನಾಯುವಿನಲ್ಲಿರುವ ಒಂದು ಪ್ರೋಟೀನ್; ಹೃದಯದ ಸ್ನಾಯುವಿಗೆ ಪೆಟ್ಟಾದರೆ ಅದು ರಕ್ತಕ್ಕೆ ಸೋರುತ್ತದೆ. ಮೊದಲ ಸಲ ನಾರ್ಮಲ್ ಬಂತು. ಕೆಲವು ಗಂಟೆ ಬಿಟ್ಟು ಮತ್ತೆ ನೋಡಿದರು, ಆಗಲೂ ನಾರ್ಮಲ್. ಆ ಗಂಟೆಗಳನ್ನು ಹೇಗೆ ಕಳೆದೆವೋ ನಮಗೇ ಗೊತ್ತು. ರಿಪೋರ್ಟ್ ಕೈಯಲ್ಲಿ ಹಿಡಿದು ಕೂತಾಗ ನನಗೆ ಎಬಾಶಿ ನೆನಪಾದರು. ಆ ಪ್ರೋಟೀನನ್ನು 1965ರಲ್ಲಿ ಲೋಕಕ್ಕೆ ತಿಳಿಸಿದ್ದು ಅವರು ಮತ್ತು ಅವರ ಜೊತೆಗಿದ್ದ ಅಯಾಕೊ ಕೊಡಾಮಾ.

ಎಬಾಶಿ ಹುಟ್ಟಿದ್ದು 1922ರಲ್ಲಿ, ಟೋಕಿಯೋದಲ್ಲಿ. ಓದಿದ್ದು ವೈದ್ಯಕೀಯ. ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಫಾರ್ಮಕಾಲಜಿ ಪ್ರೊಫೆಸರ್ ಆದರು. ಅವರನ್ನು ಕಾಡಿದ ಪ್ರಶ್ನೆ ತೀರಾ ಸರಳ: ಸ್ನಾಯು ಕುಗ್ಗಿದ ಮೇಲೆ ಸಡಿಲವಾಗುವುದು ಹೇಗೆ? ಸ್ನಾಯುವನ್ನು ಅರೆದಾಗ ಸಿಗುವ ಒಂದು ಅಂಶ ಅದನ್ನು ಸಡಿಲ ಮಾಡುತ್ತದೆ ಅಂತ ಆಗಲೇ ಗೊತ್ತಿತ್ತು. ಆ ಅಂಶ ಕೋಶದೊಳಗಿನ ಪುಟ್ಟ ಚೀಲಗಳಲ್ಲಿದೆ ಎಂದು ಎಬಾಶಿ ಕಂಡುಕೊಂಡರು. ಆಮೇಲೆ ನ್ಯೂಯಾರ್ಕ್‌ನಲ್ಲಿ ಜೀವರಸಾಯನ ವಿಜ್ಞಾನಿ ಫ್ರಿಟ್ಜ್ ಲಿಪ್‌ಮನ್ ಅವರ ಲ್ಯಾಬಿಗೆ ಹೋದರು. ಆ ಚೀಲಗಳು ಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ ಕ್ಯಾಲ್ಸಿಯಂ ಹೀರಿಕೊಳ್ಳುತ್ತವೆ ಎಂದು ಅಲ್ಲಿ ತೋರಿಸಿದರು. ಕ್ಯಾಲ್ಸಿಯಂ ಬಂದರೆ ಸ್ನಾಯು ಕುಗ್ಗುತ್ತದೆ, ಹೋದರೆ ಸಡಿಲ. ಇವತ್ತು ನಾವು ಇದನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತೇವೆ. ಆಗ ಒಂದು ಸಾಧಾರಣ ಅಯಾನ್ ಇಷ್ಟು ದೊಡ್ಡ ಕೆಲಸ ಮಾಡುತ್ತದೆ ಅಂದರೆ ಬಹಳ ಜನ ಒಪ್ಪುತ್ತಿರಲಿಲ್ಲ. ಅಮೆರಿಕದಲ್ಲಿ ಆನ್‌ಮರಿ ವೆಬರ್ ಎಂಬ ವಿಜ್ಞಾನಿ ಬೇರೆ ದಾರಿಯಲ್ಲಿ ಇದೇ ತೀರ್ಮಾನಕ್ಕೆ ಬಂದಿದ್ದರು, ಅವರನ್ನೂ ಮರೆಯಬಾರದು.

ಇನ್ನೊಂದು ತೊಡಕಿತ್ತು, ನನಗೆ ಬಹಳ ಇಷ್ಟವಾದದ್ದು ಅದೇ. ಸ್ನಾಯುವನ್ನು ಕುಗ್ಗಿಸುವ ಪ್ರೋಟೀನ್‌ಗಳಾದ ಆಕ್ಟಿನ್ ಮತ್ತು ಮಯೋಸಿನ್ ಎರಡನ್ನೂ ಚೆನ್ನಾಗಿ ಶುದ್ಧ ಮಾಡಿ ಬೆರೆಸಿದರೆ ಅವು ಕ್ಯಾಲ್ಸಿಯಂ ಇದ್ದರೂ ಇಲ್ಲದಿದ್ದರೂ ಒಂದೇ ರೀತಿ ಕೆಲಸ ಮಾಡುತ್ತಿದ್ದವು. ಅಷ್ಟು ಶುದ್ಧವಲ್ಲದ, ಸ್ನಾಯುವಿನಿಂದ ನೇರವಾಗಿ ತೆಗೆದ ಮಿಶ್ರಣ ಮಾತ್ರ ಕ್ಯಾಲ್ಸಿಯಂನ ಮಾತು ಕೇಳುತ್ತಿತ್ತು. ಅಂದರೆ ತೊಳೆಯುವಾಗ ಏನೋ ಹೊರಟುಹೋಗುತ್ತಿದೆ! ಬೇರೆಯವರು ಕೊಳೆ ಅಂದುಕೊಳ್ಳಬಹುದಾಗಿದ್ದ ಅದನ್ನು ಎಬಾಶಿ ಹುಡುಕಿಕೊಂಡು ಹೋದರು. ಸಿಕ್ಕಿದ್ದು ಟ್ರೋಪೋನಿನ್. ಕ್ಯಾಲ್ಸಿಯಂ ಬಂದು ಕೂರುವ ಜಾಗ ಅದೇ.

1959ರಲ್ಲಿ ಅವರು ಮತ್ತು ಸಂಗಡಿಗರು ಇನ್ನೊಂದು ವಿಷಯ ತಿಳಿಸಿದ್ದರು: ಸ್ನಾಯು ಕ್ಷಯಿಸುವ ಕಾಯಿಲೆ ಇರುವವರ ರಕ್ತದಲ್ಲಿ ಸಿಪಿಕೆ ಎಂಬ ಕಿಣ್ವ ಬಹಳ ಏರಿರುತ್ತದೆ. ಮಗು ಪದೇ ಪದೇ ಬೀಳುತ್ತದೆ, ಮೆಟ್ಟಿಲು ಹತ್ತಲು ಕಷ್ಟ ಅಂತ ತೋರಿಸಲು ಹೋದರೆ ಇವತ್ತಿಗೂ ವೈದ್ಯರು ಮೊದಲು ಬರೆದುಕೊಡುವ ಪರೀಕ್ಷೆಗಳಲ್ಲಿ ಇದೊಂದು.

ಈಗ ಸೈಟೇಷನ್ ವಿಷಯ. ಹೃದಯದ ಟ್ರೋಪೋನಿನ್ ಅಳೆಯುವ ವಿಧಾನವನ್ನು 1989ರಲ್ಲಿ ಜರ್ಮನಿಯ ಹ್ಯೂಗೋ ಕಾಟುಸ್ ತಂಡ ಪ್ರಕಟಿಸಿತು. 2000ದಲ್ಲಿ ಯುರೋಪ್ ಮತ್ತು ಅಮೆರಿಕದ ಹೃದ್ರೋಗ ತಜ್ಞರು ಹೃದಯಾಘಾತದ ವ್ಯಾಖ್ಯೆಯನ್ನೇ ಟ್ರೋಪೋನಿನ್ ಸುತ್ತ ಹೊಸದಾಗಿ ಬರೆದರು. ಅಲ್ಲಿಂದ ಈಚೆಗೆ ಟ್ರೋಪೋನಿನ್ ಬಗ್ಗೆ ರಾಶಿ ರಾಶಿ ಪೇಪರ್ ಬಂದಿವೆ. ಅವನ್ನು ಬರೆಯುವವರು 1965ರ ಪೇಪರನ್ನು ಉಲ್ಲೇಖಿಸುವ ಅಗತ್ಯವೇ ಇಲ್ಲ. ಅದು ಎಲ್ಲರಿಗೂ ಗೊತ್ತಿರುವ ಸಂಗತಿ ಆಗಿಹೋಗಿದೆ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಇದನ್ನು ಗುರುತಿಸಿದ್ದರು. ಒಂದು ಶೋಧ ಎಲ್ಲರ ತಿಳಿವಳಿಕೆಯಲ್ಲಿ ಬೆರೆತುಹೋದರೆ ಶೋಧಿಸಿದವರ ಹೆಸರು ಅಳಿಸಿಹೋಗುತ್ತದೆ.

ಇದರ ಉಲ್ಟಾ ಕೂಡ ನಡೆಯುತ್ತದೆ. ಪ್ರೋಟೀನ್ ಅಳೆಯುವ ವಿಧಾನದ ಬಗ್ಗೆ 1951ರಲ್ಲಿ ಲೌರಿ ತಂಡ ಬರೆದ ಪೇಪರಿನ ಸೈಟೇಷನ್ 2014ರ ಹೊತ್ತಿಗೇ 3 ಲಕ್ಷ ದಾಟಿತ್ತು. ತುಂಬ ಉಪಯೋಗದ ವಿಧಾನ, ನಿಜ. ಆದರೆ ಅದು ದೇಹದ ಬಗ್ಗೆ ಹೊಸದೇನನ್ನೂ ಹೇಳುವುದಿಲ್ಲ.

ಹಾಗಾಗಿ ತಂಗಿಗೆ ಹೀಗೆ ಹೇಳಿ. ಇಬ್ಬರದೂ ಅತಿ ಹೆಚ್ಚು ಸೈಟೇಷನ್ ಇರುವ ಮೂರು ಮೂರು ಪೇಪರ್ ತೆಗೆಯಲಿ. ಅವು ರಿವ್ಯೂ (ಬೇರೆಯವರ ಕೆಲಸದ ಸಮೀಕ್ಷೆ), ವಿಧಾನ, ಸ್ವಂತ ಶೋಧ ಇವುಗಳಲ್ಲಿ ಯಾವುದು ಅಂತ ನೋಡಲಿ. ಆಮೇಲೆ ಅವನ್ನು ಉಲ್ಲೇಖಿಸಿದ ಕೆಲವು ಪೇಪರ್ ತೆರೆದು ಆ ಉಲ್ಲೇಖ ಇರುವ ಒಂದು ಸಾಲನ್ನು ಮಾತ್ರ ಓದಲಿ. ಹತ್ತು ಹೆಸರುಗಳ ಜೊತೆ ಸುಮ್ನೆ ಸೇರಿಸಿದ್ದಾರಾ, ಅಥವಾ ಆ ಕೆಲಸದ ಮೇಲೆ ನಿಂತು ಮುಂದೆ ಹೋಗಿದ್ದಾರಾ? ಉಲ್ಲೇಖಿಸಿದವರೆಲ್ಲ ಅವರ ಲ್ಯಾಬಿನವರೇನಾ? ಒಂದು ಮಧ್ಯಾಹ್ನದ ಕೆಲಸ ಅಷ್ಟೆ.

ಸಾಧ್ಯವಾದರೆ ಎರಡೂ ಲ್ಯಾಬಿಗೆ ಒಮ್ಮೆ ಹೋಗಿ ಬರಲಿ. ಪ್ರಯೋಗ ಅಂದುಕೊಂಡ ಹಾಗೆ ಬರದಿದ್ದಾಗ ಗೈಡ್ ಏನು ಮಾಡುತ್ತಾರೆ ಅಂತ ಅಲ್ಲಿನ ವಿದ್ಯಾರ್ಥಿಗಳನ್ನೇ ಕೇಳಲಿ. ಅದನ್ನು ಬಿಸಾಕಿ ಅನ್ನುತ್ತಾರಾ, ಇಲ್ಲ ಯಾಕೆ ಹೀಗಾಯ್ತು ಅಂತ ಪಕ್ಕದಲ್ಲಿ ಕೂತು ನೋಡುತ್ತಾರಾ? ನಾನಾಗಿದ್ದರೆ ಪಕ್ಕದಲ್ಲಿ ಕೂರುವವರ ಹತ್ತಿರ ಸೇರುತ್ತಿದ್ದೆ, ಅವರ ಸೈಟೇಷನ್ ಕಡಿಮೆಯಿದ್ದರೂ ಸರಿ.