ಬದುವಿನ ಗಿಡ ಅಂಗಳಕ್ಕೆ ಬರಲಿ

ಅಕ್ಕಾವರೆ, ನಮಸ್ಕಾರ.

ಕಲಬುರಗಿಯ ಹೊಸ ಬಡಾವಣೆಯಿಂದ ನೀವು ಬರೆದ ಪತ್ರ ತಲುಪಿದೆ. ಉಳಿದ ಓದುಗರಿಗೂ ತಿಳಿಯಲೆಂದು ಅದರ ಸಾರ ಹೇಳಿಬಿಡುತ್ತೇನೆ. ಮನೆ ಮುಂದೆ 12 ಅಡಿ ಅಗಲದ ಜಾಗ ಉಳಿದಿದೆ. ಜೇನು, ಚಿಟ್ಟೆ ಬರಲೆಂಬ ಆಸೆಯಿಂದ ಮೊಬೈಲಿನಲ್ಲಿ ಕಂಡ ಪಟ್ಟಿ ಹಿಡಿದು ಲ್ಯಾವೆಂಡರ್, ಪೆಟೂನಿಯಾ ಎಂದೆಲ್ಲ ತಂದು ನೆಟ್ಟಿರಿ. ಮೇ ತಿಂಗಳ ಬಿಸಿಲಿಗೆ ಎಲ್ಲ ಸುಟ್ಟುಹೋದವು. ಉಳಿದದ್ದು ಬೋಗನ್‌ವಿಲ್ಲಾ ಮಾತ್ರ. "ಮೈತುಂಬ ಹೂ ಬಿಟ್ಟದರಿ, ಆದ್ರ ಒಂದು ಜೇನ್ನೊಣ ಸುದ್ದಾ ಬರಂಗಿಲ್ಲ. ಬದನಿ ಹೂ ಉದುರತಾವ. ಹೀರಿ ಬಳ್ಳಿಗಿ ಬರೇ ಹೂ, ಕಾಯಿಲ್ಲ. ನಮ್ಮ ಮಣ್ಣಿಗಿ, ನಮ್ಮ ಬಿಸಿಲಿಗಿ ಯಾವ ಗಿಡ ಹಚ್ಚಬೇಕ್ರಿ?" ಎಂದು ಕೇಳಿದ್ದೀರಿ. ಜೊತೆಗೆ ಎಕ್ಕೆ ಗಿಡ ಮನೆ ಹತ್ತಿರ ಬೇಡವೆಂದು ಅತ್ತೆಯವರು ಹೇಳುತ್ತಾರೆ, ಅದು ನಿಜವೇ ಎಂದೂ ಕೇಳಿದ್ದೀರಿ.

ಮೊದಲು ಬೋಗನ್‌ವಿಲ್ಲಾ ವಿಷಯ. ಅದು ದಕ್ಷಿಣ ಅಮೆರಿಕದಿಂದ ಬಂದದ್ದು. ನಾವು ಹೂ ಅನ್ನುವುದು ಅದರ ಬಣ್ಣದ ಎಲೆಗಳನ್ನು. ನಿಜವಾದ ಹೂ ನಡುವೆ ಇರುವ ಸಣ್ಣ ಬಿಳಿ ಕೊಳವೆ, ಅದೂ ಉದ್ದ, ಇಕ್ಕಟ್ಟು. ನಮ್ಮ ಜೇನಿನ ನಾಲಿಗೆಗೆ ಎಟುಕುವಂಥದ್ದಲ್ಲ. ಹೂ ಕಾಣುತ್ತದೆ, ಊಟ ಸಿಗುವುದಿಲ್ಲ. ಕೀಳಬೇಕಿಲ್ಲ, ಇರಲಿ. ಆದರೆ ಅದರ ಪಕ್ಕ ಊಟ ಬಡಿಸುವ ಗಿಡವೂ ಇರಬೇಕು.

ಆ ಗಿಡಗಳನ್ನು ಹುಡುಕಲು ನರ್ಸರಿಗೆ ಹೋಗಬೇಡಿ. ಆಳಂದ ರಸ್ತೆಯಲ್ಲೋ ಸೇಡಂ ರಸ್ತೆಯಲ್ಲೋ ಊರು ದಾಟಿ ಹೊಲದ ಬದುವಿನ ಪಕ್ಕ ಅರ್ಧ ತಾಸು ನಿಲ್ಲಿ. ಯಾರೂ ನೀರು ಹಾಕದ, ಯಾರೂ ಗೊಬ್ಬರ ಕೊಡದ ಗಿಡಗಳು ಅಲ್ಲಿ ಹೂ ಬಿಟ್ಟಿರುತ್ತವೆ. ಎರಿ ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಕಾಲಿಟ್ಟರೆ ಅಂಟಿ ಹಿಡಿಯುತ್ತದೆ. ಈ ಎರಡನ್ನೂ ತಡೆದುಕೊಂಡ ಗಿಡವೇ ನಿಮಗೆ ಬೇಕಾದದ್ದು.

ಒಂದೇ ಗಿಡ ಹಚ್ಚಲು ಸಾಧ್ಯ ಎಂದರೆ ನಾನು ತಂಗಡಿ ಅನ್ನುತ್ತೇನೆ. ಹೊನ್ನಾವರಿಕೆ ಅಂತಲೂ ಕರೆಯುತ್ತಾರೆ. ಗಡಿಯಾಚೆ ತೆಲಂಗಾಣದಲ್ಲಿ ಅದು ರಾಜ್ಯಪುಷ್ಪ, ಬತುಕಮ್ಮ ಹಬ್ಬದಲ್ಲಿ ಜೋಡಿಸುವ ಹೂಗಳಲ್ಲೊಂದು. ನಮ್ಮಲ್ಲಿ ಅದನ್ನು ಕಡಿದು ಬೇಲಿಗೆ ಹಾಕುತ್ತಾರೆ. ಇದರ ಹಳದಿ ಹೂವನ್ನು ಬೆಳಿಗ್ಗೆ ಹತ್ತಿರದಿಂದ ನೋಡಿ. ಪರಾಗ ತುಂಬಿದ ಕೇಸರಗಳು ಸೀಳಿ ತೆರೆದುಕೊಳ್ಳುವುದಿಲ್ಲ, ತುದಿಯಲ್ಲಿ ಸೂಜಿ ಚುಚ್ಚಿದಷ್ಟು ಕಿಂಡಿ ಮಾತ್ರ ಇರುತ್ತದೆ. ಕರಿ ದುಂಬಿ ಬಂದು ಹೂವನ್ನು ಕಾಲಲ್ಲಿ ಅವುಚಿ ಹಿಡಿದು, ರೆಕ್ಕೆ ಮಡಚಿಕೊಂಡೇ ಎದೆಯ ಸ್ನಾಯುಗಳನ್ನು ಗುಂಯ್ ಎಂದು ಅದುರಿಸುತ್ತದೆ. ಉಪ್ಪಿನ ಡಬ್ಬಿ ಅಲ್ಲಾಡಿಸಿದಂತೆ ಕಿಂಡಿಯಿಂದ ಪರಾಗ ಸುರಿದು ಅದರ ಹೊಟ್ಟೆಯೆಲ್ಲ ಹಳದಿಯಾಗುತ್ತದೆ. ಸಾಕುವ ಜೇನಿಗೆ ಈ ವಿದ್ಯೆ ಬರುವುದಿಲ್ಲ.

ನಿಮ್ಮ ಬದನೆಯ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಬದನೆಯ ಕೇಸರಕ್ಕೂ ಇಂಥದೇ ಕಿಂಡಿ. ಗಾಳಿಗೆ ಒಂದಿಷ್ಟು ಪರಾಗ ಉದುರುತ್ತದೆ ನಿಜ, ಆದರೆ ದುಂಬಿ ಅದುರಿಸಿದ ಹೂವಿನಲ್ಲಿ ಕಾಯಿ ಚೆನ್ನಾಗಿ ಕಟ್ಟುತ್ತದೆ. ತಂಗಡಿಗೆ ಬಂದ ದುಂಬಿ ಪಕ್ಕದ ಬದನೆಗೂ ಇಳಿಯುತ್ತದೆ. ಆದರೆ ಮೇ ತಿಂಗಳಲ್ಲಿ ಉದುರಿದ ಹೂಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. 42 ಡಿಗ್ರಿ ಬಿಸಿಲಿಗೆ ಬದನೆ ತಾನಾಗಿಯೇ ಹೂ ಚೆಲ್ಲುತ್ತದೆ. ಹೀರೆಯ ಕತೆ ಬೇರೆ. ಅದರ ಹೂ ಅರಳುವುದು ಸಂಜೆ, ಬರುವುದು ಹೆಚ್ಚಾಗಿ ಪತಂಗಗಳು. ಅವು ಬರುವ ತನಕ ಸಂಜೆ ಒಂದು ಗಂಡು ಹೂ ಕಿತ್ತು, ಬುಡದಲ್ಲಿ ಪುಟ್ಟ ಕಾಯಿ ಇರುವ ಹೆಣ್ಣು ಹೂವಿಗೆ ನೀವೇ ಮುಟ್ಟಿಸಿ.

ಇನ್ನು ವರ್ಷದ ಲೆಕ್ಕ. ಒಂದೇ ತಿಂಗಳು ಮನೆ ಮುಂದೆ ಜಾತ್ರೆಯಂತೆ ಹೂವಿದ್ದು, ಉಳಿದ ಹನ್ನೊಂದು ತಿಂಗಳು ಬರಿದಾದರೆ ದುಂಬಿಗಳು ನಿಲ್ಲುವುದಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಊಟ ಹಾಕುವುದು ಮರಗಳು. ಹೋಳಿಯ ಹೊತ್ತಿಗೆ ಮುತ್ತುಗ, ಯುಗಾದಿಗೆ ಬೇವು, ಬಸವ ಜಯಂತಿಯ ಆಸುಪಾಸು ಹೊಂಗೆ. ಹೊಂಗೆಯ ಕೆಳಗೆ ಚುರಮುರಿ ಚೆಲ್ಲಿದಂತೆ ಹೂ ಬಿದ್ದಿರುತ್ತದಲ್ಲ, ಆಗ ಮೇಲೆ ಕಿವಿಗೊಟ್ಟರೆ ಮರವೇ ಗುನುಗುತ್ತಿರುತ್ತದೆ. ನಿಮ್ಮ 12 ಅಡಿಯಲ್ಲಿ ಇವು ಹಿಡಿಸವು. ಬಡಾವಣೆಯ ನಾಲ್ಕು ಮನೆಯವರು ಮಾತಾಡಿಕೊಂಡು ರಸ್ತೆ ಬದಿಗೆ ಎರಡು ಹೊಂಗೆ, ಒಂದು ಬೇವು ಹಚ್ಚಿ. ಮಳೆ ಶುರುವಾದ ಮೇಲೆ ತುಂಬೆಯ ಸರದಿ. ಕಸವೆಂದು ಕೀಳುವ ಗಿಡ ಅದು. ಶ್ರಾವಣದಲ್ಲಿ ಶಿವನಿಗೆ ಏರಿಸುವ ಆ ಪುಟ್ಟ ಬಿಳಿ ಹೂವಿಗೆ ಕೋಲುಜೇನು ಬಿಟ್ಟೂಬಿಡದೆ ಬರುತ್ತದೆ. ಮಹಾನವಮಿಯ ಹೊತ್ತಿಗೆ ಬಾರಿ, ಅಂದರೆ ಬೋರೆ ಗಿಡ. ಹೂ ಎಳ್ಳಿನಷ್ಟು, ನೊಣ ಜೇನು ಎಲ್ಲ ಮುತ್ತುತ್ತವೆ. ತುಳಸಿ ಹೇಗೂ ನಿಮ್ಮಲ್ಲಿದೆ, ಕದಿರು ಚಿವುಟುವುದನ್ನು ಅರ್ಧ ಗಿಡಕ್ಕೆ ನಿಲ್ಲಿಸಿ. ಚಳಿಗಾಲಕ್ಕೆ ಒಂದು ಸಾಲು ಕುಸುಬಿ, ಒಂದು ಸಾಲು ಅಗಸಿ ಬಿತ್ತಿ. ಇವು ಬೆಳೆಗಳು, ಅಲಂಕಾರದ ಗಿಡಗಳಲ್ಲ. ಆದರೆ ಅಗಸಿಯ ನೀಲಿ ಹೂ ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಉದುರುವುದನ್ನು ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದವರೆಲ್ಲ ಕಂಡಿದ್ದಾರೆ, ಅದಕ್ಕಿಂತ ಚೆಂದದ ಹೂ ನಾನಂತೂ ನೋಡಿಲ್ಲ.

ನಮ್ಮ ಹೊಲದ ಮಾತು ಬಂದಾಗ ತೊಗರಿಯನ್ನು ಬಿಡಲಾಗದು. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು. ತೊಗರಿ ಹೂ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು, ಆದರೂ ಎಲೆ ಕತ್ತರಿಸುವ ಒಂದು ಜಾತಿಯ ದುಂಬಿ ಗಿಡದಿಂದ ಗಿಡಕ್ಕೆ ಪರಾಗ ಒಯ್ಯುತ್ತದೆ. ಬೀಜಕ್ಕೆಂದು ಬೆಳೆಯುವ ತೊಗರಿಯನ್ನು ಬೇರೆ ತೊಗರಿಯಿಂದ ದೂರ ಇಡುವುದು ಈ ಬೆರಕೆಯ ಭಯಕ್ಕೇ. ನಿಮ್ಮ ಗುಲಾಬಿ ಎಲೆಯ ಅಂಚಿನಲ್ಲಿ ರೂಪಾಯಿ ಇಟ್ಟು ಕತ್ತರಿಸಿದಂತೆ ದುಂಡಗೆ ಗಾಯ ಕಂಡರೆ ರೋಗವೆಂದು ಔಷಧಿ ಹೊಡೆಯಬೇಡಿ. ಆ ದುಂಬಿ ತನ್ನ ಮರಿಗಳ ಗೂಡಿಗೆ ಎಲೆ ಒಯ್ದಿದೆ.

ಔಷಧಿಯ ವಿಷಯದಲ್ಲಿ ನನ್ನದೊಂದು ತಪ್ಪು ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಮನೆಯ ಕರಿಬೇವಿನ ಮೇಲೆ ಹಕ್ಕಿ ಹಿಕ್ಕೆಯಂಥ ಹುಳಗಳು ಕಂಡವು. ಗಿಡ ಹಾಳಾಗುತ್ತದೆಂದು ಹೆದರಿ ಔಷಧಿ ಹೊಡೆದೆ. ಆ ವರ್ಷ ಅಂಗಳದಲ್ಲಿ ನಿಂಬೆ ಚಿಟ್ಟೆ ಕಾಣಲಿಲ್ಲ. ಹುಳವೇ ಚಿಟ್ಟೆಯ ಮರಿ ಎಂದು ಓದಿ ಗೊತ್ತಿತ್ತು, ಕಣ್ಣಿಗೆ ಕಂಡಾಗ ನೆನಪಾಗಲಿಲ್ಲ. ಈಗಲೂ ಆ ಗಿಡದ ಮುಂದೆ ನಿಂತರೆ ಕಸಿವಿಸಿಯಾಗುತ್ತದೆ. ಹುಳ ನಾಲ್ಕು ಕಡ್ಡಿ ಎಲೆ ತಿನ್ನುತ್ತದೆ, ಗಿಡ ಮತ್ತೆ ಚಿಗುರುತ್ತದೆ. ತಿನ್ನಲಿ ಬಿಡಿ.

ಇನ್ನೊಂದು ಮಾತು. ಅಂಗಳಕ್ಕೆಲ್ಲ ಟೈಲ್ಸ್ ಹಾಕಿಸಬೇಡಿ. ನಮ್ಮ ದುಂಬಿಗಳಲ್ಲಿ ಬಹಳಷ್ಟು ಒಂಟಿಯಾಗಿ ಬದುಕುವಂಥವು. ಬದನೆ ಹೂ ಅದುರಿಸುವ ನೀಲಿ ಪಟ್ಟಿಯ ದುಂಬಿ ಗೂಡು ತೋಡುವುದು ಮಣ್ಣಿನಲ್ಲಿ. ಕರಿ ದುಂಬಿಗೆ ಒಣ ಕಟ್ಟಿಗೆ, ಬಿದಿರು ಬೇಕು. ಗೋಡೆ ಮಗ್ಗುಲಲ್ಲಿ ಚಾಪೆಯಷ್ಟು ಬರಿ ನೆಲ, ಮೂಲೆಯಲ್ಲಿ ಒಂದು ಒಣಗಿದ ಕೊರಡು, ಅಷ್ಟು ಸಾಕು.

ಬೀದರ ಕಡೆಯ ಓದುಗರು ಇದನ್ನೇ ಅನುಸರಿಸಬಹುದೇ ಎಂದರೆ, ಬಹುಮಟ್ಟಿಗೆ ಹೌದು. ಅಲ್ಲಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ನೀರು ನಿಲ್ಲದ ಕಾರಣ ತಂಗಡಿ ಇನ್ನೂ ಹುಲುಸಾಗಿ ಬರುತ್ತದೆ. ಎರಿಯಲ್ಲಿ ಹಚ್ಚುವವರು ಬುಡಕ್ಕೆ ಮಣ್ಣು ಏರಿಸಿ ದಿಬ್ಬ ಮಾಡಬೇಕು.

ಎಕ್ಕೆಯ ಬಗ್ಗೆ ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಅದರ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆಂದು ಬರೆದಿದ್ದೀರಿ. ಆದರೆ ಹೊಂಗೆ ಹೂ ಉದುರಿ ತುಂಬೆ ಅರಳುವ ನಡುವಿನ ಹಸಿದ ದಿನಗಳಲ್ಲಿಯೂ ಹೂ ಬಿಟ್ಟಿರುವುದು ಎಕ್ಕೆ ಮತ್ತು ತಂಗಡಿ. ಕೇಸರಿ ಬಣ್ಣದ ಒಂದು ಚಿಟ್ಟೆ ಮೊಟ್ಟೆ ಇಡುವುದೂ ಎಕ್ಕೆ ಎಲೆಯ ಮೇಲೆ. ಮನೆ ಮುಂದೆ ಬೇಡ. ಹಿಂದಿನ ಖಾಲಿ ಸೈಟಿನ ಅಂಚಿನಲ್ಲಿ ತಾನಾಗಿ ಎದ್ದದ್ದನ್ನು ಕಡಿಸದೆ ಬಿಡಿ. ಶನಿವಾರ ಹನುಮಪ್ಪನಿಗೆ ಮಾಲೆ ಬೇಕಾದಾಗ ಅತ್ತೆಯವರೇ ಅಲ್ಲಿಗೆ ಹೋಗಿ ಹೂ ಬಿಡಿಸಲಿ.

ಮೃಗಶಿರಾ ಮಳೆಗೆ ಇನ್ನು ಕೆಲವೇ ದಿನ. ತಂಗಡಿ ಬೀಜದ ಸಿಪ್ಪೆ ಗಟ್ಟಿ. ಬಿಸಿ ನೀರಿನಲ್ಲಿ ಹಾಕಿ ರಾತ್ರಿ ಇಡೀ ನೆನೆಸಿ ಬಿತ್ತಿ. ನಮ್ಮ ಕಚೇರಿಯ ಹಿಂದಿನ ಗಿಡದಲ್ಲಿ ಚಪ್ಪಟೆ ಕಾಯಿಗಳು ಒಣಗಿ ನಿಂತಿವೆ. ಒಂದು ಮುಷ್ಟಿ ಬೀಜ ಬಿಡಿಸಿ ಈ ಸಂಚಿಕೆಯ ಜೊತೆಗೇ ನಿಮ್ಮ ವಿಳಾಸಕ್ಕೆ ಅಂಚೆಯಲ್ಲಿ ಹಾಕಿದ್ದೇನೆ.

— ಸಂಪಾದಕ