ಮುಪ್ಪಿನಲ್ಲಿ ಹಳೆಯ ಗೆಳೆಯರನ್ನು ಕಾಣಲು ಹೋದಾಗ ಮಾತು ಎಲ್ಲಿಂದ ಆರಂಭಿಸಬೇಕು?

ದಾವಣಗೆರೆಯಲ್ಲಿರುವ ನಿಮ್ಮ ತಂದೆಯವರು 70 ದಾಟಿದ ಮೇಲೆ ಚಿತ್ರದುರ್ಗದ ಬಾಲ್ಯದ ಗೆಳೆಯರನ್ನು ಕಾಣಲು ಹೊರಟಿದ್ದು, ಮಾತು ಹೊಂದುವುದೋ ಇಲ್ಲವೋ ಎಂದು ಅಳುಕುತ್ತಿದ್ದಾರೆ ಎಂದು ಬರೆದಿದ್ದೀರಿ. ಅಳುಕಬೇಕಿಲ್ಲ. ಸುಮಾರು 10ರಿಂದ 30ರ ವಯಸ್ಸಿನ ನೆನಪುಗಳೇ ಮುಪ್ಪಿನಲ್ಲಿ ಹೆಚ್ಚಾಗಿ ಮರಳುತ್ತವೆ ಎಂಬುದು ಮನಶ್ಶಾಸ್ತ್ರ ಕಂಡುಕೊಂಡ ಸಂಗತಿಯಾದ್ದರಿಂದ, ಬಿಪಿ, ಸಕ್ಕರೆ ಕಾಯಿಲೆಯ ವಿಚಾರಣೆಯನ್ನು ಬದಿಗಿಟ್ಟು, ಇಬ್ಬರೂ ಕೋಟೆಯ ಓಬವ್ವನ ಕಿಂಡಿಯಲ್ಲಿ ನುಸುಳಿದ ದಿನದಂತಹ ಒಂದು ನಿರ್ದಿಷ್ಟ ಘಟನೆಯಿಂದ ಅವರು ಮಾತು ತೆಗೆಯಲಿ.

ಜಾಗದ ಆಯ್ಕೆ ಇದಕ್ಕಿಂತಲೂ ಮುಖ್ಯವೆಂದು ನನಗನಿಸುತ್ತದೆ. ನನ್ನ ಗೆಳೆಯನೊಬ್ಬ ಬೆಣ್ಣೆ ದೋಸೆ ಹೋಟೆಲಿನ ಗದ್ದಲದಲ್ಲಿ ಎಲ್ಲದಕ್ಕೂ ಸುಮ್ಮನೆ ತಲೆಯಾಡಿಸುತ್ತಿದ್ದವನು, ಮನೆಯ ಜಗುಲಿಯಲ್ಲಿ ಎದುರುಬದುರು ಕುಳಿತ ಮೇಲೆ, ಹತ್ತಿ ಗಿರಣಿಯ ಸೈರನ್ ಕೂಗಿದೊಡನೆ ಬುತ್ತಿ ಹಿಡಿದು ಹೊರಡುತ್ತಿದ್ದ ತನ್ನ ತಂದೆಯ ಕುರಿತು ಒಂದು ಗಂಟೆ ಮಾತನಾಡಿದ. ವಯಸ್ಸಾದಂತೆ ಕಿವಿಗೆ ಮೊದಲು ಮಸುಕಾಗುವುದು ‘ಸ’, ‘ಶ’ದಂತಹ ಎತ್ತರದ ಧ್ವನಿಗಳು, ನಿಶ್ಶಬ್ದವಾದ ಜಾಗವೂ ಮಾತನಾಡುವವರ ಮುಖದ ಮೇಲೆ ಬೆಳಕೂ ಇದ್ದರೆ ಅರ್ಧ ಕಷ್ಟ ತಪ್ಪುತ್ತದೆ.

ತೀರಿಹೋದವರ ಹೆಸರು ಬಂದು ಮಾತು ನಿಂತರೆ ನಿಲ್ಲಲಿ, ಜೊತೆಗಿರುವ ನೀವು ಅದನ್ನು ತುಂಬಲು ಹೋಗಬೇಡಿ. ಹೊರಡುವ ಮುನ್ನ ಮುಂದಿನ ಭೇಟಿಯ ದಿನವನ್ನು ಗೊತ್ತು ಮಾಡಿಸಿ. ದುರ್ಗ ಇರುವುದು ಸುಮಾರು 60 ಕಿ.ಮೀ. ದೂರದಲ್ಲಿ.